ಹಿಂದಿನ ಸೀಟಿನ ಬಣ್ಣ

ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲಿನ ದೋಷ ಹುಡುಕುವುದು ನನ್ನ ಕೆಲಸ. ಪಾಲಿಶ್ ಆದ ಕಲ್ಲಿನ ಮೇಲೆ ನೀರು ಚೆಲ್ಲಿ, ಒರೆಸಿ, ಕಾಯುತ್ತೇನೆ. ಕಲ್ಲೆಲ್ಲ ಒಣಗಿದ ಮೇಲೂ ಒಂದು ಗೆರೆ ಹಸಿಯಾಗಿ ಉಳಿದರೆ ಅಲ್ಲಿ ಬಿರುಕಿದೆ ಎಂದು ಅರ್ಥ. ಸೀಮೆಸುಣ್ಣದಿಂದ ಗುರುತು ಹಾಕಿ ಪಕ್ಕಕ್ಕೆ ಇಡಿಸುತ್ತೇನೆ. ಇಪ್ಪತ್ತೈದು ವರ್ಷ ಇದನ್ನೇ ಮಾಡಿದವನ ಸ್ವಭಾವ ಹೇಗಿರಬಹುದೆಂದು ನೀವೇ ಊಹಿಸಿ. ಮದುವೆ ಊಟಕ್ಕೆ ಕೂತರೆ ನನ್ನ ಕಣ್ಣು ಹೋಳಿಗೆಗಿಂತ ಮೊದಲು ಎಲೆಯ ತೂತಿನ ಮೇಲೆ ಬೀಳುತ್ತದೆ.

"ದೇವ್ರು ನಿಮ್ಮ ಕಣ್ಣಾಗ ಬರೇ ತಪ್ಪು ಕಾಣೂ ಗಾಜು ಕೂಡ್ಸ್ಯಾನ್ರೀ," ಎಂದು ನನ್ನ ಹೆಂಡತಿ ನಗುತ್ತಿದ್ದಳು. ಅವಳು ಹುನಗುಂದದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅವಳಿಗೆ ಶಾಲೆ ತುಂಬ ಮಕ್ಕಳಿದ್ದವು, ನನಗೆ ಗಾಡಿಗಳಿದ್ದವು.

ಗಾಡಿಗಳೆಂದರೆ ಡೈಕಾಸ್ಟ್ ಗಾಡಿಗಳು. ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ, ಅಂಗೈಯಲ್ಲಿ ಹಿಡಿಸುವ ಪುಟ್ಟ ಕಾರುಗಳು. ಬಂಧುಗಳು ಇದನ್ನು ಕಂಡು ಬಾಯಿ ಮುಚ್ಚಿ ನಕ್ಕದ್ದುಂಟು, ಕೆಲವರು ಮುಚ್ಚದೆಯೂ ನಕ್ಕರು. ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಿರುವುದು ಬೇರೆಯದರ ಬಗ್ಗೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ಈ ಹವ್ಯಾಸದವರಲ್ಲಿ ಒಂದು ಮುಗಿಯದ ಜಗಳವಿದೆ: ಡಬ್ಬಿ ದೊಡ್ಡದೋ, ಗಾಡಿ ದೊಡ್ಡದೋ? ನಾನು ಡಬ್ಬಿಯ ಕಡೆಯವನು. ಗಾಡಿ ಎಂಥದೇ ಇರಲಿ, ಅದು ಬಂದ ಡಬ್ಬಿಯ ಮೂಲೆಗಳು ಚೂಪಾಗಿರಬೇಕು. ಕಾರ್ಖಾನೆಯಲ್ಲಿ ಹಚ್ಚಿದ ಅಂಟುಪಟ್ಟಿ ಬಿಚ್ಚಿರಬಾರದು. ರಟ್ಟು ಮಡಚಿದ ಗುರುತು ಇರಬಾರದು, ಮುಚ್ಚಳದ ಕಿವಿ ಹರಿದಿರಬಾರದು. ಅಂಗಡಿಯವನು ಹಚ್ಚಿದ ಬೆಲೆಚೀಟಿಯನ್ನು ಯಾರಾದರೂ ಉಗುರಿನಿಂದ ಕೆರೆದಿದ್ದರೆ ಆ ಡಬ್ಬಿಯನ್ನು ನಾನು ಮುಟ್ಟುತ್ತಿರಲಿಲ್ಲ. ಮನುಷ್ಯರ ಕೈ ತಾಕದೆ ಉಳಿದದ್ದೇ ಶುದ್ಧ ಎಂಬುದು ನನ್ನ ವಾದ.

ಎದುರು ಕಡೆಯವರು ಬಾಗಲಕೋಟೆಯ ಒಬ್ಬ ಔಷಧಿ ಅಂಗಡಿಯ ಯಜಮಾನರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ಹಳೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಭಾಗದಲ್ಲಿತ್ತು. ಮನೆ ಬಿಡುವಾಗ ಅವರ ತಾಯಿ ಮಗನ ಆಟಿಕೆ ಗಾಡಿಗಳನ್ನು ಡಬ್ಬಿಯಿಂದ ಸುರಿದು, ಜೋಳದ ಚೀಲದಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಎಸೆದಿದ್ದರಂತೆ. "ಡಬ್ಬಿ ನೀರಿಗಿ ಹೋದುವು, ಗಾಡಿ ನನ್ ಕೂಡ ಬಂದುವು," ಎನ್ನುತ್ತಿದ್ದರು. ಅವರು ಗಾಡಿಯನ್ನು ಬೆಳಕಿಗೆ ಹಿಡಿದು, ಬಣ್ಣ ಎಲ್ಲಿ ಉದುರಿದೆ, ಗಾಲಿ ನೆಟ್ಟಗೆ ಉರುಳುತ್ತದೆಯೇ, ಬಾಗಿಲು ಕೂಡುತ್ತದೆಯೇ ಎಂದು ನೋಡುವವರು. ನನ್ನ ವಾದ ಕೇಳಿ, "ಡಬ್ಬಿ ನೋಡಿ ಯಾರರ ಹೆಣ್ಣು ತರ್ತಾರೇನ್ರೀ? ಮುಚ್ಚಿದ ಡಬ್ಬ್ಯಾಗ ಗಾಡಿ ಹ್ಯಾಂಗೈತಿ ಅಂತ ನಿಮಗೇನ್ ಗೊತ್ತು?" ಎಂದು ಛೇಡಿಸುತ್ತಿದ್ದರು. ನಾನು ಸಿಟ್ಟಿನಿಂದ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದದ್ದುಂಟು.

ನನ್ನ ಸಂಗ್ರಹದಲ್ಲಿ ಒಂದು ಗಾಡಿ ಮಾತ್ರ ನಾನು ಕೊಂಡದ್ದಲ್ಲ. ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ ಹೆಂಡತಿ ತಂದುಕೊಟ್ಟದ್ದು. ಬಾಗಲಕೋಟೆಗೆ ಶಾಲೆಯ ಕೆಲಸಕ್ಕೆ ಹೋದವಳು ಅಂಗಡಿಯೊಂದರ ಮೇಲಿನ ಹಲಗೆಯಲ್ಲಿ ಅದನ್ನು ಕಂಡಳಂತೆ. ಬಿಳಿ ಬಣ್ಣದ, ಗುಂಡು ಮೈಯ ಹಳೆಯ ಕಾಲದ ಕಾರು, ಒಂದು ಕಾಲಕ್ಕೆ ನಮ್ಮ ಕಡೆಯ ಟ್ಯಾಕ್ಸಿಗಳೆಲ್ಲ ಅದೇ. ಬಾದಾಮಿ ಕಡೆಯ ಶಿವಯೋಗ ಮಂದಿರದ ಹತ್ತಿರದ ತನ್ನ ತವರಿನಿಂದ ಅವಳು ಮದುಮಗಳಾಗಿ ಇಳಕಲ್ಲಿಗೆ ಬಂದದ್ದು ಅಂಥದೇ ಗಾಡಿಯಲ್ಲಿ. ಅಮೀನಗಡದ ಹತ್ತಿರ ಅದರ ರೇಡಿಯೇಟರ್ ಕುದ್ದು ನಿಂತಿತ್ತು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಒಂದೇ ಪೊಟ್ಟಣದ ಕರದಂಟು ತಿಂದಿದ್ದೆವು. ಅವಳು ನನ್ನ ಜೊತೆ ಮೊದಲು ಮಾತಾಡಿದ್ದೂ ಅಲ್ಲೇ.

ಆ ಸೀಟಿನ ಬಣ್ಣದ ಬಗ್ಗೆ ನಮ್ಮಿಬ್ಬರದು ಸಂಸಾರದ ಉದ್ದಕ್ಕೂ ನಡೆದ ಜಗಳ. ಅವಳು ಕೆಂಪು ಎನ್ನುತ್ತಿದ್ದಳು, ನಾನು ಕಂದು ಎನ್ನುತ್ತಿದ್ದೆ. ಅವಳು ತಂದ ಡಬ್ಬಿ ನಾಲ್ಕೂ ಕಡೆ ರಟ್ಟಿನದು, ಒಳಗೆ ಕಾಣಿಸುವ ಕಿಟಕಿಯಿಲ್ಲ, ಮೇಲೆ ಗಾಡಿಯ ಚಿತ್ರವಷ್ಟೇ. ಚಿತ್ರದಲ್ಲಿ ಸೀಟು ಕಾಣುತ್ತಿರಲಿಲ್ಲ. ಎರಡೂ ತುದಿಗೆ ಅಂಟುಪಟ್ಟಿ ಹಾಗೇ ಇತ್ತು, ಮೂಲೆಗಳು ಚೂಪಾಗಿದ್ದವು. ನನ್ನ ಎದೆ ಉಬ್ಬಿತು.

"ಹಿಂದಿನ ಬಾಗಲಾ ತೆರೀತೈತಂತ್ರೀ. ಒಡೀರಿ, ಸೀಟು ನೋಡೂಣು," ಎಂದಳು.

"ಆಟಿಗಿ ಗಾಡಿ ಸೀಟಿನಿಂದ ಖರೇ ಗಾಡಿದು ಹ್ಯಾಂಗ್ ಗೊತ್ತಾಕ್ಕೈತಿ?" ಎಂದೆ ನಾನು. "ಒಂದ್ಸಲ ಪಟ್ಟಿ ಬಿಚ್ಚಿದ್ರ ಮುಗೀತು. ಇದು ಹಿಂಗಾ ಇರ್ಲಿ."

ಅವಳ ಮುಖ ಸಣ್ಣದಾಯಿತು. ಅದು ನನಗೆ ಕಾಣಿಸಿತು, ಕಾಣಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಅದೇ ದಿನ ನಾನು ಅವಳಿಗೊಂದು ಇಳಕಲ್ ಸೀರೆ ತಂದಿದ್ದೆ. ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ತೆನೆಯ ಚಿತ್ತಾರ. ನಮ್ಮ ಕಡೆ ಹೊಸ ಸೀರೆಯ ಗಳಿಗೆ ಮುರಿಯುವುದೆಂದರೆ, ನೇಕಾರರು ಹಾಕಿದ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದೆಂದರೆ, ಅದೊಂದು ಸಂಭ್ರಮ. ಬೇಕಾದವರ ಕೈಗೆ ಕೊಟ್ಟು, ನೀನೇ ಗಳಿಗೆ ಮುರಿ ಎಂದು ಮೊದಲು ಅವರಿಗೇ ಉಡಿಸುವುದೂ ಉಂಟು. ನನ್ನ ಹೆಂಡತಿ ತನ್ನ ಸೀರೆಗಳನ್ನೆಲ್ಲ ಮೊದಲು ಅಕ್ಕನಿಗೆ ಉಡಿಸಿ ತಾನು ಉಡುವವಳು. ಅಂದು ಮಾತ್ರ ಸೀರೆಯನ್ನು ಹಾಗೇ ತಿಜೋರಿಯಲ್ಲಿಟ್ಟು, "ನೀವು ಡಬ್ಬಿ ಒಡದ ದಿನ ನಾ ಇದರ ಗಳಿಗಿ ಮುರೀತೇನಿ," ಎಂದಳು. ನಾನೂ ನಕ್ಕು ಆಗಲಿ ಎಂದೆ. ನಗುವಿನ ಮಾತು ಹದಿಮೂರು ವರ್ಷ ನಡೆಯಿತು.

ಡಬ್ಬಿಯನ್ನು ನಾನು ಸೀರೆಯ ಪಕ್ಕದಲ್ಲೇ ಇಟ್ಟೆ. ನಮ್ಮ ಊರಿನಲ್ಲಿ ಬೆಲೆಬಾಳುವುದನ್ನು ಕಾಪಾಡುವುದೆಂದರೆ ಅದರ ನಾಲ್ಕು ಕಡೆ ನುಸಿ ಹಿಡಿಯದಂತೆ ಬಿಳಿಯ ಡಾಂಬರ ಗುಳಿಗೆ ಇಡುವುದು. ಸೀರೆಗೆ ಇಡುವಂತೆಯೇ ಗಾಡಿಗೂ ಇಟ್ಟೆ. ಪ್ರತಿ ಯುಗಾದಿಗೆ ಹಳೆಯ ಗುಳಿಗೆ ತೆಗೆದು ಹೊಸದಾಗಿ, ಮುಷ್ಟಿಗಟ್ಟಲೆ ಹಾಕುತ್ತಿದ್ದೆ. "ವಾಸನಿಗಿ ತಲಿ ನೋಯ್ತೈತ್ರೀ. ಅತಿ ಆದ್ರ ಅಮೃತಾನೂ ವಿಷ," ಎಂದು ಅವಳು ಕಿಟಕಿ ತೆರೆಯುತ್ತಿದ್ದಳು. ಧೂಳು ಬರುತ್ತದೆಂದು ನಾನು ಮುಚ್ಚುತ್ತಿದ್ದೆ.

ಆಮೇಲೆ ಅವಳಿಗೆ ಕಾಯಿಲೆ ಬಂತು. ಬಸ್ಸಿನಲ್ಲಿ ನಿಂತು ನಿಂತು ಬೆನ್ನು ನೋವು ಎನ್ನುತ್ತಿದ್ದಳು, ನಾನೂ ಹಾಗೇ ನಂಬಿದ್ದೆ. ಕಲ್ಲಿನ ಬಿರುಕು ಹುಡುಕುವವನಿಗೆ ಅವಳ ರವಿಕೆ ಸಡಿಲಾದದ್ದು ಕಾಣಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು.

ಒಂದು ಮಧ್ಯಾಹ್ನ ನಾನು ಮೋಸಂಬಿ ಸುಲಿಯುತ್ತ ಕೂತಿದ್ದೆ. ಅವಳು ಸೂಜಿ ಚುಚ್ಚಿದ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು. "ನಾಳೆ ಬರೂ ಮುಂದ ಆ ಡಬ್ಬಿ ತರ್ರಿ. ಇಲ್ಲೇ ಒಡಿಯೂಣು," ಎಂದಳು.

"ಮನಿಗಿ ಬಂದ ಮ್ಯಾಲೆ ಒಡಿಯೂಣು," ಎಂದೆ.

"ಮನಿಗಿ ಬರ್ತೇನೇನ್ರೀ ನಾ?"

"ಬರ್ದ ಎಲ್ಲಿಗಿ ಹೋಗ್ತಿ?"

ಅವಳು ಮತ್ತೆ ಕೇಳಲಿಲ್ಲ. ಮೋಸಂಬಿಯ ಎರಡು ತೊಳೆ ತಿಂದು ಗೋಡೆಯ ಕಡೆ ಹೊರಳಿದಳು.

ಡಬ್ಬಿ ತಂದರೆ ಅವಳು ಹೋಗುತ್ತಾಳೆಂದು ಒಪ್ಪಿಕೊಂಡಂತೆ, ಅದಕ್ಕೇ ಬೇಡವೆಂದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಖರೆಯೂ ಅಲ್ಲ. ಅವಳು ಕೇಳಿದ ಆ ಗಳಿಗೆಯಲ್ಲಿ ನನ್ನ ಕಣ್ಣು ಮಂಚದ ಪಕ್ಕದ ಒದ್ದೆ ಮೇಜಿನ ಮೇಲೆ ಬಿತ್ತು. ಇದರ ಮೇಲಿಟ್ಟರೆ ರಟ್ಟಿಗೆ ಕಲೆಯಾಗುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಬಂದು ಹೋಯಿತು. ಒಂದೇ ಕ್ಷಣ. ಆ ಒಂದು ಕ್ಷಣಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆರನೆಯ ದಿನ ಅವಳು ಹೋದಳು.

ಮನೆಗೆ ತಂದ ಮೇಲೆ ಅವಳ ಅಕ್ಕ ತಿಜೋರಿಯ ಬೀಗದ ಕೈ ಕೇಳಿದರು. ಮುತ್ತೈದೆಯಾಗಿ ಹೋದವಳು, ಹೊಸ ಸೀರೆ ಉಡಿಸಬೇಕು. "ಗಳಿಗಿ ಮುರೀದ ಸೀರಿ ಒಂದೈತಿ ಅಂತ ಹೇಳಿದ್ಲು ತಂಗಿ. ಅದನ್ನ ಉಡಸ್ತೇವು," ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಸೀರೆಯ ಒಂದು ಮಡಿಕೆ ಬಿಚ್ಚಿದರು, ಎರಡನೆಯದು ಬಿಚ್ಚಿದರು. ಸೆರಗಿಗೆ ಬರುತ್ತಿದ್ದಂತೆ ರೇಷ್ಮೆ ಮಡಿಕೆಯ ಗೆರೆಗುಂಟ ಸೀಳಿತು. ಸದ್ದೇ ಆಗಲಿಲ್ಲ. ಇನ್ನೊಂದು ಮಡಿಕೆ ಬಿಚ್ಚಿದರೆ ಅಲ್ಲೂ ಸೀಳು.

ರೇಷ್ಮೆಯನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಬೇರೆ ಗೆರೆಗೆ ಮಡಚಬೇಕು, ಇಲ್ಲದಿದ್ದರೆ ಮಡಿಕೆಯಲ್ಲೇ ಮುರಿಯುತ್ತದೆ. ಇಳಕಲ್ಲಿನ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ.

"ಅಕಿಗಿ ಇದು ಗೊತ್ತಿರ್ಲಿಲ್ಲೇನ್ರೀ?" ಎಂದೆ.

"ಗೊತ್ತಿರ್ಲಾರ್ದ ಏನು? ನೀವು ಒಡೀಲಿ ಅಂತ ಕಾದಾಳ. ಹಠ," ಎಂದರು ಅಕ್ಕ. ಸೀರೆಯನ್ನು ಮೊದಲಿದ್ದಂತೆಯೇ ಮಡಚಿ ನನ್ನ ಕೈಗಿಟ್ಟರು. ಹರಿದದ್ದನ್ನು ಉಡಿಸಬಾರದು. ಪೇಟೆಗೆ ಓಡಿ ಹೊಸದು ತರುತ್ತೇನೆಂದವರನ್ನು ಅವರೇ ತಡೆದು, ಅವಳು ವಾರಕ್ಕೆರಡು ಸಲ ಶಾಲೆಗೆ ಉಟ್ಟು ಹೋಗುತ್ತಿದ್ದ ಹಸಿರು ನೂಲಿನ ಸೀರೆಯನ್ನು ಹಗ್ಗದಿಂದ ತೆಗೆದು ತಂದರು. ಒಗೆದು ಒಗೆದು ಮೆತ್ತಗಾಗಿದ್ದ ಸೀರೆ. ಎಲ್ಲೂ ಒಂದು ಎಳೆ ಬಿಟ್ಟಿರಲಿಲ್ಲ. ಅದನ್ನುಟ್ಟೇ ನನ್ನ ಹೆಂಡತಿ ಮಣ್ಣಿಗೆ ಹೋದಳು.

ಬಂದವರೆಲ್ಲ ಊರಿಗೆ ಮರಳಿದ ಮೇಲೆ ನಾನು ಡಬ್ಬಿಯ ಪಟ್ಟಿ ಕತ್ತರಿಸಿದೆ. ಕತ್ತರಿ ಜಾರಿ ಒಂದು ಮೂಲೆ ಹರಿಯಿತು. ಒಳಗಿನ ಪ್ಲಾಸ್ಟಿಕ್ ತಟ್ಟೆ ಮೆತ್ತಗಾಗಿ ಗಾಡಿಯ ಚಾವಣಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಗಾಲಿಗಳು ತಟ್ಟೆಯಲ್ಲಿ ತಮ್ಮ ಗುರುತು ಬಿಟ್ಟು ಬಂದವು. ಕಿಟಕಿಯ ಗಾಜುಗಳೆಲ್ಲ ಹಾಲಿನಂತೆ ಬೆಳ್ಳಗೆ ಮಬ್ಬಾಗಿದ್ದವು. ಒಳಗೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಬಾಗಿಲನ್ನು ಉಗುರಿನಿಂದ ಎಳೆದೆ, ಅಲುಗಲಿಲ್ಲ.

ಮರುದಿನ ಅದನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಬಾಗಲಕೋಟೆಗೆ ಹೋದೆ. ಔಷಧಿ ಅಂಗಡಿಯ ಯಜಮಾನರು ಗಾಡಿಯನ್ನು ಮೂಸಿ ನೋಡಿದರು.

"ಡಾಂಬರ ಗುಳಿಗಿ ಇಟ್ಟಿದ್ರೇನು?"

"ಹೂಂ."

"ಅದರ ಗಾಳಿ ಇಂಥಾ ಪ್ಲಾಸ್ಟಿಕ್ ತಿಂತೈತ್ರೀ. ಬಟ್ಟಿಗಿ ನಡೀತೈತಿ, ಇದಕ್ಕಲ್ಲ. ಹಂಗಾ ಬಿಟ್ಟಿದ್ರ ಇದು ನೂರು ವರ್ಷ ಇರ್ತಿತ್ತು." ಅಷ್ಟು ಹೇಳಿ ನನ್ನ ಮುಖ ನೋಡಿದರು. ಎಷ್ಟೋ ವರ್ಷಗಳ ವಾದದಲ್ಲಿ ಗೆದ್ದಿದ್ದರು, ಆದರೂ ಅವರ ಕಣ್ಣು ತುಂಬಿತ್ತು. ಗಾಡಿಯನ್ನು ಬೆಳಕಿಗೆ ಹಿಡಿದು, "ಮೈಬಣ್ಣ ಇನ್ನೂ ಛಲೋ ಐತಿ. ಬಾಗಲಾ ಮಾತ್ರ ಎಬ್ಬಿಸಬ್ಯಾಡ್ರಿ, ಬಣ್ಣ ಎದ್ದು ಬರ್ತೈತಿ. ಇದ್ದದ್ದರ ಉಳೀಲಿ," ಎಂದರು.

ಡಬ್ಬಿಯವನಾದ ನನಗೆ ಡಬ್ಬಿ ಉಳಿದಿರಲಿಲ್ಲ. ಗಾಡಿಯವರಾದ ಅವರು ಗಾಡಿಯನ್ನಾದರೂ ಉಳಿಸಿಕೊಳ್ಳಿ ಎನ್ನುತ್ತಿದ್ದರು. ಒಳ್ಳೆಯ ಮಾತೇ. ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ಹಾಗೇ ಮಾಡೋಣವೆಂದುಕೊಂಡಿದ್ದೆ.

ಮನೆಗೆ ಬಂದು ಕನ್ನಡಿಯ ಹಲಗೆಯ ಮೇಲಿದ್ದ ಅವಳ ಸೇಫ್ಟಿ ಪಿನ್ ತೆಗೆದುಕೊಂಡೆ. ಅದರ ಮೊನೆಯನ್ನು ಬಾಗಿಲಿನ ಸಂದಿಯಲ್ಲಿ ಇಟ್ಟು ಎತ್ತಿದೆ. ಬಿಳಿ ಬಣ್ಣ ಚೂರು ಚೂರಾಗಿ ನನ್ನ ತೊಡೆಯ ಮೇಲೆ ಉದುರಿತು. ಇನ್ನೂ ಒತ್ತಿದೆ. ಬಾಗಿಲ ಅಂಚಿನ ಬಣ್ಣವೆಲ್ಲ ಹೋಗಿ ಲೋಹ ಕಂಡಿತು. ಆಮೇಲೆ ಅದು ಕಟ್ಟೆಂದು ತೆರೆಯಿತು.

ಸೀಟು ಒಂದು ಬದಿ ಕುಸಿದಿತ್ತು. ಬಣ್ಣ ಮಾತ್ರ ಹೋಗಿರಲಿಲ್ಲ.

"ಕೆಂಪ ಐತಿ! ನೀನ ಗೆದ್ದಿ ನೋಡ!" ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿಬಿಟ್ಟೆ.