ಭಸ್ಮ ನಿಲ್ಲದ ಬೆರಳು

ಅಪ್ಪಯ್ಯ ಹೊನ್ನಾವರದಲ್ಲಿ ಹೆಸರು ಮಾಡಿದ ಪಂಡಿತರು. ಗೇರುಸೊಪ್ಪದ ಕಡೆಯಿಂದ ಲಾಂಚಿನಲ್ಲಿ ಬಂದಿಳಿದ ರೋಗಿಗಳು ನೆಟ್ಟಗೆ ನಮ್ಮ ಜಗಲಿಗೇ ಬರುತ್ತಿದ್ದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ಮಗಳಾದ ನನಗೆ ಹದಿನೇಳು. ನಾಡಿ ನೋಡುವುದನ್ನು ಕಲಿಯಬೇಕೆಂಬ ಒಂದೇ ಹುಚ್ಚು ನನಗೆ. ಕೇಳಿದಾಗ ಅಪ್ಪಯ್ಯ ಇಲ್ಲವೆನ್ನಲಿಲ್ಲ, ಶರತ್ತು ಹಾಕಿದರು.

"ಶಂಖಭಸ್ಮ ಅರೆ. ಅದು ನಿನ್ನ ಬೆರಳ ಗೆರೆಯಲ್ಲಿ ತುಂಬಿ ನಿಂತ ದಿನ ನಾಡಿ ಹಿಡಿಯಲೆ ಕಲಿಸ್ತೆ."

ಭಸ್ಮದ ನುಣುಪಿಗೆ ನಮ್ಮ ಮನೆಯಲ್ಲಿ ಬೇರೆ ಅಳತೆ ಇರಲಿಲ್ಲ. ಜರಡಿ, ಬಟ್ಟೆ ಎಲ್ಲ ಕಷಾಯದ ಪುಡಿಗೆ. ಭಸ್ಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ಕೊಡವಬೇಕು. ಗೆರೆಗಳಲ್ಲಿ ಬೆಳ್ಳಗೆ ಉಳಿದರೆ ಔಷಧ, ಉದುರಿಹೋದರೆ ಇನ್ನೂ ದಪ್ಪ. ಅರೆದವರೇ ತಮ್ಮ ಬೆರಳಲ್ಲಿ ತೋರಿಸಬೇಕೆಂಬುದು ಅಜ್ಜನ ಕಾಲದ ಕಟ್ಟಳೆ.

ಸುಟ್ಟ ಶಂಖವೆಂದರೆ ಖಾರ ಸುಣ್ಣವೇ ಸರಿ. ನಿಂಬೆರಸ ಹಾಕಿ ಕಲ್ಲಿನ ಕಲ್ವದಲ್ಲಿ ಅರೆಯುವುದು, ಒಣಗಿಸುವುದು, ಅಂಟಿದ್ದನ್ನು ಬೆರಳಿನಿಂದಲೇ ಕೆರೆದು ಮತ್ತೆ ಅರೆಯುವುದು. ಸಂಜೆ ಅಪ್ಪಯ್ಯನ ಮುಂದೆ ಬೆರಳು ಚಾಚಿದರೆ ಒಂದೇ ಮಾತು: "ನುಣ್ಣಗಾಜಿಲ್ಲೆ ಕೂಸೆ. ಮತ್ತೆ ಅರೆ." ಹೀಗೆ ಎರಡು ಮಳೆಗಾಲ ಕಳೆದವು. ಐಬು ನನ್ನ ಕೆಲಸದಲ್ಲೇ ಇದೆಯೆಂದು ನಂಬಿ ಅರೆದೇ ಅರೆದೆ.

ಅಷ್ಟರಲ್ಲಿ ಅಣ್ಣ ಕುಮಟೆಯಲ್ಲಿ ಮೆಟ್ರಿಕ್ ಎರಡು ಸಲ ಫೇಲಾಗಿ ಮನೆಗೆ ಬಂದ. ಒಂದು ದಿನ ಕಲ್ವದ ಪಕ್ಕ ಕೂತು ಹರಟುತ್ತ, ನಾನು ಅರೆದ ಪುಡಿಯನ್ನೇ ಚಿಟಿಕೆ ತೆಗೆದು ತಿಕ್ಕಿದ. ಅವನ ಬೆರಳ ಗೆರೆಗಳೆಲ್ಲ ರಂಗೋಲಿ ಎಳೆದ ಹಾಗೆ ಎದ್ದವು. ಅಪ್ಪಯ್ಯ ಹಿಗ್ಗಿ ಆಯಿಯನ್ನು ಕೂಗಿದರು: "ಮಾಣಿ ಕೈಗುಣ ನೋಡೆ ಇಲ್ಲಿ!" ಅರೆದವರ ಬೆರಳೆಂಬ ಕಟ್ಟಳೆ ಅವರಿಗೆ ಆಗ ನೆನಪಾಗಲಿಲ್ಲ.

ನನ್ನ ಮೈ ಉರಿದುಹೋಯಿತು. ಅಣ್ಣನ ಬೆರಳಿನ ಪಕ್ಕ ನನ್ನದನ್ನು ಒಡ್ಡಿದೆ. ನನಗೂ ಆಗಲೇ ಕಂಡದ್ದು: ಸುಣ್ಣ ಚರ್ಮವನ್ನು ತಿಂದು, ಕಲ್ಲು ಸವೆಸಿ, ನನ್ನ ಬೆರಳು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು.

"ಪುಡಿ ಯಾವಾಗಲೋ ನುಣ್ಣಗಾಗಿತ್ತು ಅಪ್ಪಯ್ಯ. ತುಂಬಲೆ ನನ್ನ ಬೆರಳಲ್ಲಿ ಗೆರೆಯೇ ಇಲ್ಲೆ," ಎಂದೆ.

ಅಪ್ಪಯ್ಯ ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಅರ್ಥವಾಯಿತು, ಅದನ್ನು ಅವರ ಮುಖದಲ್ಲಿ ಕಣ್ಣಾರೆ ಕಂಡೆ. ತಪ್ಪಾಯಿತು ಎನ್ನುತ್ತಾರೆಂದು ಕಾದೆ, ಎಂಥ ಪೆದ್ದಿ ನಾನು.

"ಇಂಥ ಬೆರಳಿಗೆ ನಾಡಿ ಹೇಂಗೆ ಗೊತ್ತಾಗ್ತು ಕೂಸೆ?" ಎಂದರು, ಬಹಳ ಮೃದುವಾಗಿ.

ಮಾರನೆಯ ಬೆಳಿಗ್ಗೆ ಅಣ್ಣ ರೋಗಿಗಳ ಎದುರು ಕೂತ. ಅವನು ಕೊಡುವ ಭಸ್ಮ ಅರೆಯಲು ನನ್ನನ್ನು ಕರೆದರು.