ದೇವಿ ಬಂದ ಕೂಸಿಗೆ ಕದ್ದು ಕೊಟ್ಟ ಗುಳಿಗೆ

ನನ್ನ ಮಗಳಿಗೆ ಐದು ವರ್ಷವಿದ್ದಾಗ ಮೂರ್ಛೆ ಬರತೊಡಗಿತು. ಆಡುತ್ತ ಆಡುತ್ತ ಕಣ್ಣು ಮೇಲಾಗಿ ಬಿದ್ದುಬಿಡುತ್ತಿದ್ದಳು. ನಿಜಾಮರ ಆಳಿಕೆ ಮುಗಿದ ಮರುವರ್ಷ ಅದು. ಬಸವಕಲ್ಯಾಣಕ್ಕೆ ಆಗ ನಾವು ಬರೀ ಕಲ್ಯಾಣಿ ಅನ್ನುತ್ತಿದ್ದೆವು. ಯಜಮಾನರು ಮುಡಬಿಯಲ್ಲಿ ಮಾಸ್ತರು, ವಾರಕ್ಕೊಮ್ಮೆ ಬರುವವರು. ಉಳಿದಂತೆ ಮನೆಯಲ್ಲಿ ಅತ್ತೆ, ನಾನು, ಮಗಳು, ಮೂರೇ ಜನ.

ಮಗಳು ಬಿದ್ದಾಗಲೆಲ್ಲ ಅತ್ತೆ ಅವಳ ಕೈಯಲ್ಲಿ ಕಬ್ಬಿಣದ ಕೀಲಿಕೈ ಇಟ್ಟು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು. ನಾನು ಹುಮನಾಬಾದಿನ ತವರಿನಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಆ ಉಳ್ಳಾಗಡ್ಡಿ ಕಂಡರೆ ನನಗೆ ಮೈಯೆಲ್ಲ ಉರಿ. ಹಟ ಹಿಡಿದು ಮಗಳನ್ನು ಹುಮನಾಬಾದಿನ ಡಾಕ್ಟರ್ ಸಾಹೇಬರಿಗೆ ತೋರಿಸಿದೆ. ಆ ಮುದುಕರು ಬಿಳಿ ಗುಳಿಗೆ ಕೊಟ್ಟು, "ಒಂದ್ ದಿನಾನೂ ತಪ್ಪಿಸಬ್ಯಾಡ ಬೇಟಿ" ಅಂದರು. ಹದಿನೈದು ದಿನ ಮಗಳು ಒಮ್ಮೆಯೂ ಬೀಳಲಿಲ್ಲ. ನನಗೆ ಎರಡು ಕೊಂಬು ಮೂಡಿದವು.

ಮೂರನೆಯ ವಾರ ಅವಳಿಗೆ ಜ್ವರ ಬಂತು. ಮರುದಿನ ಮೈತುಂಬ ಕೆಂಪು ದದ್ದು ಎದ್ದವು. ಅತ್ತೆ ನೋಡಿದವರೇ ಕೈಮುಗಿದರು.

"ದೇವಿ ಬಂದಾಳ. ಗುಳಿಗಿ ಬಂದ್ ಮಾಡು. ಆಕಿ ಇರೂತನಕ ಔಷಧ ಕೊಟ್ರ ಸಿಟ್ಟಿಗೇಳ್ತಾಳ."

ಆ ಕಾಲದಲ್ಲಿ ಜ್ವರದ ಜೊತೆ ಮೈಮೇಲೆ ಏನು ಎದ್ದರೂ ಅದು ದೇವಿಯೇ, ಸಿಡುಬಿನ ತಾಯಿ. ಬಾಗಿಲಿಗೆ ಬೇವಿನ ತೊಪ್ಪಲು ಬಂತು, ಅಡುಗೆಗೆ ಒಗ್ಗರಣೆ ಹಾಕುವುದು ನಿಂತಿತು. ನಾನು ಹೂಂ ಅಂದೆ. ಆದರೆ ದಿನಾ ಅತ್ತೆ ನೀರಿಗೆ ಹೋದ ಹೊತ್ತು ನೋಡಿ, ಗುಳಿಗೆಯನ್ನು ಬೆಲ್ಲದಲ್ಲಿ ಅರೆದು ಮಗಳಿಗೆ ನೆಕ್ಕಿಸಿದೆ. ಅಜ್ಜಿಗೆ ಹೇಳಬೇಡ ಅಂತ ಅವಳಿಗೂ ಕಲಿಸಿಕೊಟ್ಟೆ. ಅವಳು ಮತ್ತೆ ಬೀಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ, ಅದು ನಿಜ. ಅತ್ತೆಯ ಮಾತು ಮುರಿಯುವುದರಲ್ಲಿ ಒಂದು ಖುಷಿ ಇತ್ತು, ಅದೂ ನಿಜ. ಅಲ್ಪವಿದ್ಯಾ ಮಹಾಗರ್ವಿ ಅನ್ನುವ ಮಾತನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಐದನೆಯ ದಿನ ಮಗಳ ತುಟಿ ಒಡೆದು ರಕ್ತ ಬಂತು. ಬಾಯೊಳಗೆಲ್ಲ ಹುಣ್ಣು, ಕಣ್ಣು ಅಂಟಿಕೊಂಡಿದ್ದವು. ತೋಳು ಹಿಡಿದೆತ್ತಿದರೆ ಚರ್ಮ ನನ್ನ ಕೈಗೇ ಸುಲಿದು ಬಂತು. ಅತ್ತೆ ಹತ್ತಿರ ಕೂತು ಬಹಳ ಹೊತ್ತು ನೋಡಿದರು.

"ನಾ ಎಷ್ಟ್ ಕೂಸುಗಳಿಗಿ ದೇವಿ ಬಂದಿದ್ದು ನೋಡೀನಿ. ದೇವಿ ಹಿಂಗ ತೊಗಲು ಸುಲಿಯಂಗಿಲ್ಲ. ಇದು ಬ್ಯಾರೇನೋ ಅದ. ಗಾಡಿ ಕಟ್ಟಸು," ಅಂದರು.

ಇಂಥ ಕೂಸನ್ನು ಮೋಟಾರಿನಲ್ಲಿ ಹತ್ತಿಸಿಕೊಳ್ಳುತ್ತಿರಲಿಲ್ಲ. ಬೆಳಗಾಗುತ್ತಲೇ ಎತ್ತಿನ ಗಾಡಿಯಲ್ಲಿ ಹೊರಟು ಹುಮನಾಬಾದ್ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರ್ ಸಾಹೇಬರು ಮಗಳ ಬಾಯಿ ನೋಡಿದರು, ಕಣ್ಣು ನೋಡಿದರು. ಗುಳಿಗೆ ಇನ್ನೂ ಕೊಡುತ್ತಿದ್ದೀರಾ ಎಂದು ಕೇಳಿದರು.

"ಬಂದ್ ಆಗಿ ಐದು ದಿನ ಆತ್ರಿ ಸಾಹೇಬ್ರ. ನಾನೇ ಬಂದ್ ಮಾಡಿಸೀನಿ," ಅಂದರು ಅತ್ತೆ.

"ಬಂದ್ ಮಾಡಿ ಐದು ದಿನ ಆದ್ರೂ ಹೆಚ್ಚಾಗಾಕತ್ತದ ಅಂದ್ರ ಇದು ಗುಳಿಗೀದು ಇರಲಿಕ್ಕಿಲ್ಲ," ಎನ್ನುತ್ತ ಅವರು ಲೇಖನಿ ತೆಗೆದುಕೊಂಡರು. "ಅದನ್ನ ಮತ್ತ ಚಾಲೂ ಮಾಡೋಣು. ಇಲ್ಲಂದ್ರ ಮೂರ್ಛಿ ಜೋರ್ ಆಗ್ತದ."

ಹೇಳಿದರೆ ಅತ್ತೆಯ ಎದುರಿಗೆ ನಾನು ಕಳ್ಳಿ. ಸುಮ್ಮನಿದ್ದರೆ ಅದೇ ಗುಳಿಗೆ ಮತ್ತೆ ಮಗಳ ಹೊಟ್ಟೆಗೆ.

"ನಾ ಬಂದ್ ಮಾಡಿಲ್ರಿ ಸಾಹೇಬ್ರ," ಅಂದೆ. "ಕದ್ದು ಕೊಟ್ಟೀನಿ. ನಿನ್ನಿ ಸೈತ ಕೊಟ್ಟೀನ್ರಿ."

ಸಾಹೇಬರು ಲೇಖನಿ ಕೆಳಗಿಟ್ಟರು. ಬರೆಯುತ್ತಿದ್ದ ಚೀಟಿ ಹರಿದರು. "ಹೇಳಿದ್ದು ಛಲೋ ಆತು ಬೇಟಿ. ಒಂದೊಂದು ಮೈಗಿ ಈ ಗುಳಿಗಿ ಒಗ್ಗಂಗಿಲ್ಲ, ವಿಷ ಆಗ್ತದ. ಇನ್ನ ಜನ್ಮದಾಗ ಈಕಿಗಿ ಇದನ್ನ ಕೊಡಬ್ಯಾಡ್ರಿ," ಅಂದರು. ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ದೇವಿಯೆಂದು ಅವರು ತಪ್ಪು ತಿಳಿದಿದ್ದರೂ ಗುಳಿಗೆ ನಿಲ್ಲಿಸು ಅಂದದ್ದು ಸರಿಯಾಗಿತ್ತು. ಓದಿದ ನಾನೇ ಕೂಸಿಗೆ ದಿನಾ ವಿಷ ನೆಕ್ಕಿಸಿದ್ದೆ.

ತಿಂಗಳ ಮೇಲೆ ಅತ್ತೆಯೂ ನಾನೂ ಮಗಳೊಂದಿಗೆ ನನ್ನ ತವರಿನಲ್ಲೇ ಉಳಿದೆವು. ಎಣ್ಣೆ ಸವರಿದ ಬಾಳೆಲೆಯ ಮೇಲೆ ಮಗಳನ್ನು ಮಲಗಿಸುತ್ತಿದ್ದೆವು. ಕುದಿಸಿ ಆರಿಸಿದ ನೀರಿನಲ್ಲಿ ಅರಿವೆ ಅದ್ದಿ ಒರೆಸುವುದು, ಹನಿಹನಿಯಾಗಿ ಗಂಜಿ ಕುಡಿಸುವುದು. ಸಾಹೇಬರು ದಿನಾ ಬಂದು ಕಣ್ಣು ತೊಳೆದು ಹೋಗುತ್ತಿದ್ದರು. ನಡುವೆ ಎರಡು ಸಲ ಮೂರ್ಛೆ ಬಂತು. ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡು ಕೂತೆ, ಅಷ್ಟೇ. ನಿಧಾನವಾಗಿ ಹೊಸ ಚರ್ಮ ಬಂತು, ಮಗಳು ಕಣ್ಣು ಬಿಟ್ಟಳು. ಅಷ್ಟು ದಿನವೂ ಅತ್ತೆ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಕೊನೆಗೆ ಸಾಹೇಬರು ಮೂರ್ಛೆಗೆ ಬೇರೆ ಔಷಧ ಕೊಟ್ಟರು, ಸೀಸೆಯಲ್ಲಿ. ಬೆಳಿಗ್ಗೆ ಚಮಚಕ್ಕೆ ಸುರಿದೆ. ಮಗಳು ಬಾಯಿ ತೆರೆದು ಕೂತಿದ್ದಳು. ಅವಳ ತುಟಿಯ ತನಕ ಒಯ್ದು ಸೀಸೆಗೇ ಹಿಂದಕ್ಕೆ ಸುರಿದೆ. ಮತ್ತೆ ಚಮಚ ತುಂಬಿದೆ, ಮತ್ತೆ ಹಿಂದಕ್ಕೆ ಸುರಿದೆ. ಅತ್ತೆ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದರು. ದವಾಖಾನೆಯ ಔಷಧವನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಮೊರ ಬದಿಗಿಟ್ಟು ಬಂದು ನನ್ನ ಕೈಯಿಂದ ಚಮಚ ಕಸಿದುಕೊಂಡರು.

"ತಾ ಇಲ್ಲಿ, ನಾ ಹಾಕ್ತೀನಿ. ಏನರ ಆದ್ರ ಈ ಸಲ ನನ್ನ ತಲಿ ಮ್ಯಾಲ ಬರಲಿ," ಅಂದರು.