ಮುಟ್ಟಿದರೆ ಕೆಡುವ ಬೋರ್ಡು

ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದ ದಿನ ಎಲ್ಲರೂ ಸೇರಿ ಅದಕ್ಕೆ ಪೂಜೆ ಮಾಡಿದೆವು. ಹೊನ್ನಾಳಿ ಕಡೆ ಹೊಸ ಟ್ರ್ಯಾಕ್ಟರಿಗೂ ಮಾಡುತ್ತೇವೆ, ಹೊಸ ಮಿಕ್ಸಿಗೂ ಮಾಡುತ್ತೇವೆ. ಇಷ್ಟು ದೊಡ್ಡ ಪರದೆಯನ್ನು ಬಿಡುತ್ತೇವೆಯೇ? ಹೆಡ್‌ಮಾಸ್ತರು ಚೌಕಟ್ಟಿನ ಉದ್ದಕ್ಕೂ ವಿಭೂತಿ ಎಳೆದರು, ಮೂಲೆಮೂಲೆಗೆ ಅರಿಶಿನ ಕುಂಕುಮ ಮೆತ್ತಿದರು, ಕಾಯಿ ಒಡೆದರು. ಆಮೇಲೆ ನಾನು ಆರನೇ ತರಗತಿಯ ಒಬ್ಬ ಹುಡುಗಿಯನ್ನು ಕರೆದು, ಪರದೆಯ ಮೇಲಿನ ಭೂಪಟದಲ್ಲಿ ತುಂಗಭದ್ರೆಯನ್ನು ತೋರಿಸು ಅಂದೆ. ಭೂಪಟ ಅಂದರೆ ಅವಳಿಗೆ ಪ್ರಾಣ. ಓಡಿ ಬಂದು ಬೆರಳಿಟ್ಟಳು. ಭೂಪಟ ಅತ್ತಿತ್ತ ಹಾರಾಡಿತು, ತನ್ನಷ್ಟಕ್ಕೆ ಗೆರೆಗಳು ಮೂಡಿದವು, ಕೊನೆಗೆ ಎಲ್ಲ ನಿಂತೇ ಹೋಯಿತು.

"ಇವ್ಳು ಮುಟ್ಟಿದ್ದಕ್ಕೇ ಕೆಟ್ಟೋತು," ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

ಮುಟ್ಟಿದ್ದಕ್ಕೆ ಅನ್ನುವ ಮಾತು ಆ ಹುಡುಗಿಯ ಕೇರಿಯವರ ಮೇಲೆ ಎಷ್ಟು ಕಾಲದಿಂದ ಬೀಳುತ್ತಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಜೋರಾಗಿ ಗದರಿದೆ. ಬಾಯಿ ಮುಚ್ಚಿದರು, ಅಷ್ಟೇ.

ಆಮೇಲೆ ಯಾರು ಮುಟ್ಟಿದರೂ ಬೋರ್ಡು ಹಾಗೇ ಆಡುತ್ತಿತ್ತು, ಆದರೂ ಕೆಟ್ಟ ಹೆಸರು ಅವಳೊಬ್ಬಳಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವಳು ನಲ್ಲಿಯ ಹತ್ತಿರ ಎಲ್ಲರೂ ನೀರು ಕುಡಿದು ಮುಗಿಸುವ ತನಕ ಕಾಯತೊಡಗಿದಳು. ಶಾಲೆ ತಪ್ಪಿಸುವುದೂ ಶುರುವಾಯಿತು. ಬೋರ್ಡು ಸರಿಹೋಗದಿದ್ದರೆ ಇವಳು ಶಾಲೆ ಬಿಡುತ್ತಾಳೆ ಅಂತ ನನಗೆ ಖಾತ್ರಿಯಾಯಿತು.

ಡಿಜಿಟಲ್ ಕಲಿಕೆಗೆ ನಮ್ಮ ಶಾಲೆಯ ಮುಂದಾಳು ನಾನೇ ಅಂತ ಆದೇಶವಾಗಿತ್ತು. ಮುಂದಾಳುಗಳಿಗೆ ತರಬೇತಿಯ ಮೇಲೆ ತರಬೇತಿ. ಚನ್ನಗಿರಿಯಲ್ಲಿ ನಮ್ಮನ್ನು ವೃತ್ತಾಕಾರವಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು, ನೀವೇ ಬದಲಾವಣೆಯ ಹರಿಕಾರರು ಅಂದರು. ನ್ಯಾಮತಿಯಲ್ಲಿ ಸ್ಕೆಚ್ ಪೆನ್ನು ಕೊಟ್ಟು ಚಾರ್ಟಿನ ಮೇಲೆ ಡಿಜಿಟಲ್ ಕನಸು ಬರೆಸಿದರು. ಅಲ್ಲಿನ ಬೋರ್ಡುಗಳು ನನ್ನ ಬೆರಳಿಗೆ ಸಾಧು ಹಸುವಿನಂತೆ ಮಣಿದವು. ವಾಪಸ್ ಬಂದರೆ ಇಲ್ಲಿ ಅದೇ ಹಾರಾಟ. ಬೋರ್ಡೇ ಸರಿಯಿಲ್ಲ ಅಂದರೆ ಹೆಡ್‌ಮಾಸ್ತರು ನಕ್ಕರು. "ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ, ಹಂಗಾತು ನಿಮ್ದು."

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದವಳು, ಒಂದು ಮಗುವಿನ ಮೇಲೆ ಬಿದ್ದ ಅಪವಾದ ಕಳೆಯಲಾರೆನಲ್ಲ ಅಂತ ಖಾಲಿ ತರಗತಿಯಲ್ಲಿ ಕೂತು ಅತ್ತಿದ್ದೇನೆ.

ಜಗಳೂರಿನ ತರಬೇತಿಯಲ್ಲಿ ಕೈಯೆತ್ತಿ ಕೇಳಿಯೇಬಿಟ್ಟೆ. ಪ್ರಶ್ನೆಗಳನ್ನು ಕೊನೆಗೆ ತೆಗೆದುಕೊಳ್ಳೋಣ ಅಂದರು. ಕೊನೆಗೆ ಗುಂಪು ಫೋಟೋ ತೆಗೆದರು. ನಾನು ಬಿಡುವವಳಲ್ಲ, ಹೊರಟಿದ್ದ ತರಬೇತುದಾರರ ಬೈಕಿಗೆ ಅಡ್ಡ ನಿಂತು ಎಲ್ಲ ಹೇಳಿದೆ.

"ಪೂಜೆ ಏನಾರ ಮಾಡಿದ್ರೇನ್ರೀ?" ಅಂದರು.

"ಮಾಡ್ದೇ ಇರಾಕೆ ಆಗ್ತೈತೇನ್ರೀ?"

ಅವರು ಹಣೆ ಚಚ್ಚಿಕೊಂಡರು. ಚೌಕಟ್ಟಿನ ಅಂಚಿನೊಳಗಿಂದ ಕಣ್ಣಿಗೆ ಕಾಣದ ಬೆಳಕು ಹಾಯುತ್ತದಂತೆ. ಅದಕ್ಕೆ ಏನು ಅಡ್ಡ ಬಂದರೂ ಬೋರ್ಡು ಅದನ್ನು ಬೆರಳು ಅಂದುಕೊಳ್ಳುತ್ತದಂತೆ. ವಿಭೂತಿ ಕುಂಕುಮದ ಪುಡಿಯೂ ಅದರ ಪಾಲಿಗೆ ಬೆರಳೇ. ನಾನು ಪರದೆಯನ್ನು ದಿನಾ ಒರೆಸುತ್ತಿದ್ದೆ. ಹಚ್ಚಿದ ಕುಂಕುಮ ಒರೆಸಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

ಮರುದಿನ ಮಕ್ಕಳು ಬರುವ ಮೊದಲೇ ಶಾಲೆಗೆ ಓಡಿ, ಕಡ್ಡಿಗೆ ಹತ್ತಿ ಸುತ್ತಿ ಅಂಚುಗಳನ್ನೆಲ್ಲ ಒರೆಸಿದೆ. ಬೋರ್ಡು ಸರಿಹೋಯಿತು! ಪ್ರಾರ್ಥನೆ ಮುಗಿಸಿ ಬಂದ ಮಕ್ಕಳು ಒಬ್ಬೊಬ್ಬರಾಗಿ ಗೆರೆ ಎಳೆದು ಕೇಕೆ ಹಾಕಿದರು. ಅವಳೂ ಅವತ್ತು ಬಂದಿದ್ದಳು, ಬಾಗಿಲ ಹತ್ತಿರ ನಿಂತಿದ್ದಳು. ಯುದ್ಧ ಗೆದ್ದವಳಂತೆ ಅವಳನ್ನು ಕರೆದೆ.

"ಬ್ಯಾಡ ಮಿಸ್!" ಮುಂದಿನ ಬೆಂಚಿನವಳು ಚೀರಿದಳು. "ಅವ್ಳು ಇವತ್ತು ಮುಟ್ಟಿಲ್ಲ, ಅದ್ಕೇ ಚೆಂದಾಗಿ ನಡೀತೈತೆ."

ಕೆಂಪಾದ ಹತ್ತಿಯನ್ನು ಎತ್ತಿ ತೋರಿಸಿದೆ, ಬೆಳಕು ಬೆರಳು ಎಲ್ಲ ವಿವರಿಸಿದೆ.

"ದೇವ್ರ ಕುಂಕುಮ ಹೆಂಗೆ ಕೆಡಿಸ್ತೈತ್ರಿ ಮಿಸ್?" ಅಂತ ಒಂದು ಮಗು ಕೇಳಿತು. ತಮಾಷೆಗಲ್ಲ, ನಿಜವಾಗಿಯೂ ಅದಕ್ಕೆ ತಿಳಿಯಲಿಲ್ಲ. ಮತ್ತೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ನಂಬಲಿಲ್ಲ.

ಕೊನೆಗೆ ನಾನೇ ಹೋಗಿ ಅವಳ ಕೈ ಹಿಡಿದು ಬೋರ್ಡಿನ ಮುಂದೆ ಕರೆತಂದೆ. ಅವಳು ಮುಷ್ಟಿ ಬಿಚ್ಚಲಿಲ್ಲ. ಭೂಪಟದಲ್ಲಿ ತುಂಗಭದ್ರೆ ಎಲ್ಲಿ ಹರಿಯುತ್ತದೆ ಅಂತ ಒಮ್ಮೆ ಕಣ್ಣಲ್ಲೇ ಹುಡುಕಿದಳು. ಆಮೇಲೆ ನನಗೇ ಸಮಾಧಾನ ಹೇಳುವವಳಂತೆ ಮೆಲ್ಲಗೆ ಅಂದಳು:

"ಬ್ಯಾಡ ಮಿಸ್. ಈಗಾದ್ರೂ ಸರಿಯಾಗೈತೆ. ನಾನು ಹೊರಗೆ ನಿಂತ್ಕಂಡು ನೋಡ್ತೀನಿ ಬಿಡ್ರಿ."